ಕರೆ ಬಂತು, ದನಿ ಬರಲಿಲ್ಲ

ಇಂಟರ್ನೆಟ್ ಫೋನಿಗೆ ಬರುವ ಕಾಯಿಲೆಗಳಲ್ಲಿ ನಾಲ್ಕು ತೀರಾ ಸಾಮಾನ್ಯ. ಒಂದು: ಫೋನು ರಿಂಗಾಗುತ್ತದೆ, ಎತ್ತಿ ಮಾತಾಡಿದರೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಎರಡು: ಮಾತು ಚೆನ್ನಾಗಿಯೇ ಸಾಗಿರುತ್ತದೆ, ಅರ್ಧ ನಿಮಿಷವಾದೊಡನೆ ಕರೆ ಕಡಿದುಹೋಗುತ್ತದೆ. ಮೂರು: ಇಲ್ಲಿಂದ ಯಾರಿಗೆ ಬೇಕಾದರೂ ಫೋನ್ ಮಾಡಬಹುದು, ಆದರೆ ಹೊರಗಿನವರು ಮಾಡಿದರೆ ಇಲ್ಲಿ ರಿಂಗೇ ಆಗುವುದಿಲ್ಲ. ನಾಲ್ಕು: ಮನೆಯಲ್ಲಿ ಯಾರೋ ಒಬ್ಬರು ವಿಡಿಯೊ ಅಪ್‌ಲೋಡ್ ಮಾಡಲು ಕೂತರೆ ಸಾಕು, ಮಾತು ತುಂಡುತುಂಡಾಗುತ್ತದೆ.

ಸಹಾಯವಾಣಿಯವರ ಸಿದ್ಧ ಉತ್ತರ ಎಲ್ಲರಿಗೂ ಗೊತ್ತು: ‘ರೌಟರ್ ಆಫ್ ಮಾಡಿ, ಆನ್ ಮಾಡಿ.’ ಹಾಗೆ ಮಾಡಿದರೆ ಕೆಲವೊಮ್ಮೆ ಸರಿಹೋಗುವುದೂ ಉಂಟು. ಮಾರನೆಯ ದಿನ ಮತ್ತೆ ಅದೇ ರಾಗ. ಏಕೆಂದರೆ ಮೊದಲ ಮೂರು ಕಾಯಿಲೆಗಳ ಬೇರು ಒಂದೇ. ಮನೆಯ ರೌಟರನ್ನು ರೂಪಿಸಿದ್ದು, ಒಳಗಿನವರು ಕೇಳಿದ್ದನ್ನು ಹೊರಗಿನಿಂದ ತಂದುಕೊಡುವುದಕ್ಕೆ. ಫೋನಿನ ಜಾಯಮಾನವೇ ಬೇರೆ. ನಾವು ಕೇಳದಿದ್ದರೂ ಹೊರಗಿನಿಂದ ಕರೆ ಬರಬೇಕು. ಈ ಒಂದು ವಿರೋಧ ಮನಸ್ಸಿಗೆ ಬಂದರೆ, ರೌಟರಿನ ಸೆಟ್ಟಿಂಗ್ ಪುಟದಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ.

ಎಕ್ಸ್‌ಚೇಂಜ್ ಮನೆಗೆ ಬಂದಾಗ

ಮೊದಲು, ಹಳೆಯ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಅಡಾಪ್ಟರ್ ಏನು ಮಾಡುತ್ತದೆ ಎಂದು ನೋಡೋಣ. ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ ಅದು. ಒಂದು ಕಡೆ ಹಳೆಯ ಲ್ಯಾಂಡ್‌ಲೈನ್ ಫೋನಿನ ವೈರು ಸಿಕ್ಕಿಸುವ ಸಣ್ಣ ಕಿಂಡಿ, ಇನ್ನೊಂದು ಕಡೆ ರೌಟರಿಗೆ ಹೋಗುವ ನೆಟ್‌ವರ್ಕ್ ಕೇಬಲ್ಲಿನ ಕಿಂಡಿ. ಲಿಂಕ್‌ಸಿಸ್, ಸಿಸ್ಕೊ, ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಗಳ ಅಡಾಪ್ಟರ್‌ಗಳು ಜಗತ್ತಿನ ಬಹಳಷ್ಟು ಮನೆಗಳಲ್ಲಿವೆ. ಅಮೆರಿಕದಲ್ಲಿ ಇದನ್ನು ಮನೆಮನೆಗೆ ತಲುಪಿಸಿದವುಗಳಲ್ಲಿ ವೊನೇಜ್ ಕಂಪನಿ ಮುಖ್ಯವಾದದ್ದು. 2009ರಲ್ಲಿ ಅದು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಮಿತಿಯಿಲ್ಲದ ಕರೆಯ ಪ್ಲಾನ್ ತಂದಾಗ, ಊರಿಗೆ ಫೋನ್ ಮಾಡಲು ಕಾಲಿಂಗ್ ಕಾರ್ಡ್ ಕೊಳ್ಳುತ್ತಿದ್ದ ಅಲ್ಲಿನ ಭಾರತೀಯರಿಗೆ ದೊಡ್ಡ ಅನುಕೂಲವಾಯಿತು. ನಮ್ಮಲ್ಲಿ ಇದೇ ಅಡಾಪ್ಟರ್ ಬೇರೆ ವೇಷದಲ್ಲಿದೆ. ಫೈಬರ್ ಸಂಪರ್ಕ ಕೊಡುವಾಗ ಗೋಡೆಗೆ ಹಾಕಿಹೋಗುವ ಡಬ್ಬಿಯಲ್ಲಿ ಫೋನಿಗೆಂದೇ ಒಂದು ಕಿಂಡಿ ಇರುತ್ತದಲ್ಲ, ಅದರ ಹಿಂದೆ ಕೂತಿರುವುದೂ ಅಡಾಪ್ಟರೇ.

ಹಳೆಯ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಈ ಡಬ್ಬಿ ಮಾಡಬೇಕು. ಫೋನಿನ ತಂತಿಗೆ ಸುಮಾರು 48 ವೋಲ್ಟಿನ ಡಿಸಿ ವಿದ್ಯುತ್ ಕೊಡಬೇಕು. ರಿಸೀವರ್ ಎತ್ತಿದೊಡನೆ ತಂತಿಯಲ್ಲಿ ಕರೆಂಟ್ ಹರಿಯುವುದನ್ನು ಗುರುತಿಸಿ ಡಯಲ್ ಟೋನ್ ಕೇಳಿಸಬೇಕು. ಕರೆ ಬಂದಾಗ ಹೆಚ್ಚಿನ ವೋಲ್ಟೇಜಿನ ಎಸಿ ವಿದ್ಯುತ್ ಕಳಿಸಿ ಗಂಟೆ ಬಾರಿಸಬೇಕು. ನಾವು 5 ಒತ್ತಿದರೆ ಫೋನು 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. ಅದನ್ನು ಕೇಳಿ ‘ಇದು ಐದು’ ಎಂದು ಅರ್ಥ ಮಾಡಿಕೊಳ್ಳಬೇಕು. ಹೀಗೆ ತಂತಿಗೆ ವಿದ್ಯುತ್ ಕೊಡುವುದು ಅಡಾಪ್ಟರೇ ಆದ್ದರಿಂದ, ಗೋಡೆಯ ಮೇಲೆ ಇನ್ನೂ ಜೀವಂತವಾಗಿರುವ ಹಳೆಯ ಲ್ಯಾಂಡ್‌ಲೈನ್ ಸಾಕೆಟ್ಟಿಗೆ ಅಡಾಪ್ಟರಿನ ಫೋನ್ ಕಿಂಡಿಯನ್ನು ಜೋಡಿಸಬಾರದು. ಎರಡೂ ಕಡೆಯಿಂದ ವಿದ್ಯುತ್ ನುಗ್ಗಿ ಅಡಾಪ್ಟರ್ ಸುಟ್ಟುಹೋಗಬಹುದು.

ಮಾತನ್ನು ಅದು ಕಳಿಸುವ ರೀತಿ ಹೀಗೆ: ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ ಒಂದು ಬೈಟ್ ಆಗಿ ಬರೆದುಕೊಳ್ಳುತ್ತದೆ. ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಆವರೆಗಿನ 160 ಬೈಟ್‌ಗಳನ್ನು ಕಟ್ಟಿ ಒಂದು ಪ್ಯಾಕೆಟ್ ಮಾಡುತ್ತದೆ. ವಿಳಾಸ, ಕ್ರಮಸಂಖ್ಯೆ, ಸಮಯ ಇತ್ಯಾದಿ ವಿವರಗಳಿಗೆ ಇನ್ನೂ 40 ಬೈಟ್. ಸೆಕೆಂಡಿಗೆ ಇಂಥ 50 ಪ್ಯಾಕೆಟ್ ಎಂದರೆ ಒಂದು ದಿಕ್ಕಿಗೆ 80 ಕೆಬಿಪಿಎಸ್. ಇವತ್ತಿನ ಮನೆಯ ಸಂಪರ್ಕದ ಮುಂದೆ ಇದು ಏನೇನೂ ಅಲ್ಲ. ಫೋನ್ ಸರಿಯಿಲ್ಲವೆಂದು ದುಬಾರಿ ಪ್ಲಾನಿಗೆ ಹಾರುವವರಿಗೆ ಸಾಮಾನ್ಯವಾಗಿ ಏನೂ ಲಾಭವಾಗದಿರುವುದು ಇದೇ ಕಾರಣಕ್ಕೆ. ಕೊರತೆ ವೇಗದ್ದಲ್ಲ, ದಾರಿಯದು.

ರೌಟರಿನ ರಿಜಿಸ್ಟರು

ಇಂಟರ್ನೆಟ್ಟಿನ ಮೂಲ ವಿಳಾಸ ವ್ಯವಸ್ಥೆ 32 ಬಿಟ್‌ಗಳದು. ಸುಮಾರು 430 ಕೋಟಿ ವಿಳಾಸಗಳು ಅಷ್ಟೆ. ಇದು ಸಾಲುವುದಿಲ್ಲವೆಂಬುದು 1990ರ ದಶಕದ ಆರಂಭದಲ್ಲೇ ಗೊತ್ತಾಯಿತು. ಆಗ, 1994ರಲ್ಲಿ, ಕೆ. ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ತಾತ್ಕಾಲಿಕವಾಗಿ ಎಂದು ಸೂಚಿಸಿದ ಉಪಾಯದ ಹೆಸರು ‘ನ್ಯಾಟ್’: ಇಡೀ ಮನೆಗೆ ಹೊರಗಡೆ ಒಂದೇ ವಿಳಾಸ, ಒಳಗಡೆ ಎಷ್ಟು ಸಾಧನಗಳಿದ್ದರೂ ಅವಕ್ಕೆ ಖಾಸಗಿ ವಿಳಾಸ. 192.168 ಎಂದು ಶುರುವಾಗುವ ಸಂಖ್ಯೆಗಳು ಹೀಗೆ ಖಾಸಗಿಯಾಗಿ ಮೀಸಲಾದವುಗಳಲ್ಲಿ ಒಂದು ಗುಂಪು. ಲಕ್ಷಾಂತರ ಮನೆಗಳಲ್ಲಿ ಅವೇ ಸಂಖ್ಯೆಗಳಿವೆ. ಹೊರಗಿನ ಇಂಟರ್ನೆಟ್ಟಿನಲ್ಲಿ ಅವಕ್ಕೆ ಅರ್ಥವಿಲ್ಲ.

ನ್ಯಾಟ್ ಕೆಲಸ ಮಾಡುವುದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ಸೆಕ್ಯುರಿಟಿಯವನ ಹಾಗೆ. ಒಳಗಿನ ಮನೆಯವರು ಏನನ್ನಾದರೂ ತರಿಸಿದರೆ ಅವನು ರಿಜಿಸ್ಟರಿನಲ್ಲಿ ಬರೆದುಕೊಂಡು, ಸಾಮಾನು ಬಂದಾಗ ಆ ಮನೆಗೆ ಕಳಿಸುತ್ತಾನೆ. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಬಂದವನನ್ನು ಗೇಟಿನಿಂದಲೇ ಅಟ್ಟುತ್ತಾನೆ. ಬರೆದುಕೊಂಡದ್ದು ಹಳೆಯದಾದರೆ ಅಳಿಸಿಯೂ ಬಿಡುತ್ತಾನೆ. ವೆಬ್ ಪುಟ, ಇಮೇಲ್, ಯೂಟ್ಯೂಬ್ ಎಲ್ಲಕ್ಕೂ ಈ ಏರ್ಪಾಡು ಸಾಕು, ಏಕೆಂದರೆ ಮೊದಲು ಕೇಳುವವರು ಯಾವಾಗಲೂ ನಾವೇ.

ಫೋನಿನ ವಿಷಯದಲ್ಲಿ ತೊಡಕು ಎರಡು ಪಟ್ಟು. ಇಲ್ಲಿ ಕರೆಯ ವ್ಯವಹಾರವೇ ಒಂದು, ದನಿಯ ಸಾಗಣೆಯೇ ಇನ್ನೊಂದು. ಕರೆ ಹಚ್ಚುವುದು, ರಿಂಗ್ ಮಾಡುವುದು, ಎತ್ತಿದ್ದನ್ನು ತಿಳಿಸುವುದು, ಮುಗಿಸುವುದು, ಇದೆಲ್ಲ ‘ಸಿಪ್’ ಎಂಬ ನಿಯಮಾವಳಿಯ ಪ್ರಕಾರ, ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ, ಅಂದರೆ ಅದೇ ವಿಳಾಸದ 5060ನೇ ಬಾಗಿಲಲ್ಲಿ, ನಡೆಯುತ್ತದೆ. 1999ರಲ್ಲಿ ಮೊದಲು ಪ್ರಕಟವಾಗಿ 2002ರಲ್ಲಿ ಈಗಿನ ರೂಪ ಪಡೆದ ಈ ನಿಯಮಾವಳಿಯ ಕರ್ತೃಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ನಿಂಗ್ ಶುಲ್ಟ್ಸ್‌ರಿನ್ನೆ ಪ್ರಮುಖರು. ದನಿಯ ಪ್ಯಾಕೆಟ್‌ಗಳು ಮಾತ್ರ ‘ಆರ್‌ಟಿಪಿ’ ಎಂಬ ಬೇರೆ ನಿಯಮದ ಪ್ರಕಾರ, ಬೇರೆ ಪೋರ್ಟಿನಲ್ಲಿ ಹೋಗುತ್ತವೆ. ಆ ಪೋರ್ಟ್ ಯಾವುದೆಂದು ಒಂದೊಂದು ಕರೆಗೂ ಹೊಸದಾಗಿ ನಿಗದಿಯಾಗುತ್ತದೆ.

ನಿಗದಿ ಮಾಡುವ ಬಗೆಯಲ್ಲೇ ಎಡವಟ್ಟು ಇರುವುದು. ಅಡಾಪ್ಟರ್ ತನ್ನ ಸಿಪ್ ಸಂದೇಶದ ಒಡಲಲ್ಲಿ, ‘ನನಗೆ ದನಿಯನ್ನು 192.168.1.20 ವಿಳಾಸದ 16400ನೇ ಪೋರ್ಟಿಗೆ ಕಳಿಸಿ’ ಎಂದು ಬರೆಯುತ್ತದೆ. ಅದಕ್ಕೆ ಗೊತ್ತಿರುವ ವಿಳಾಸ ಅದೊಂದೇ. ನ್ಯಾಟ್ ಪ್ಯಾಕೆಟ್ಟಿನ ಮೇಲಿನ ವಿಳಾಸವನ್ನು ಬದಲಿಸುತ್ತದೆಯೇ ಹೊರತು ಒಳಗೆ ಬರೆದದ್ದನ್ನು ಓದುವುದಿಲ್ಲ. ಸಂದೇಶ ಆ ಕಡೆಗೆ ತಲುಪುತ್ತದೆ, ಫೋನು ರಿಂಗಾಗುತ್ತದೆ. ನಮ್ಮ ಅಡಾಪ್ಟರ್ ಕಳಿಸುವ ದನಿ ಫೋನ್ ಕಂಪನಿಯ ಸರ್ವರಿನ ನಿಜವಾದ ವಿಳಾಸಕ್ಕೆ ಹೋಗುವುದರಿಂದ ಅವರಿಗೆ ನಮ್ಮ ಮಾತು ಕೇಳುತ್ತದೆ. ಅವರು ಕಳಿಸುವ ದನಿ ಮಾತ್ರ 192.168.1.20ನ್ನು ಹುಡುಕಿಕೊಂಡು ಹೊರಟು ದಾರಿಯಲ್ಲೇ ಕಳೆದುಹೋಗುತ್ತದೆ. ಮೊದಲನೇ ಕಾಯಿಲೆಯ ಗುಟ್ಟು ಇಷ್ಟೇ.

ಸರಿಯಾಗಿ 32 ಸೆಕೆಂಡ್

ಎರಡನೇ ಕಾಯಿಲೆ ಇನ್ನೂ ಸ್ವಾರಸ್ಯದ್ದು. ಅರ್ಧ ನಿಮಿಷಕ್ಕೆ ಕಡಿದುಹೋಗುವ ಕರೆಗಳನ್ನು ಗಡಿಯಾರ ಹಿಡಿದು ನೋಡಿದರೆ ಬಹುಪಾಲು 32 ಸೆಕೆಂಡಿನ ಆಸುಪಾಸಿನಲ್ಲೇ ಸಾಯುತ್ತವೆ. ಕಾರಣ ಸಿಪ್ ನಿಯಮಾವಳಿಯಲ್ಲೇ ಇದೆ.

ಹೊರಗಿನಿಂದ ಕರೆ ಬಂತು, ನಾವು ರಿಸೀವರ್ ಎತ್ತಿದೆವು ಎನ್ನಿ. ಅಡಾಪ್ಟರ್ ‘ಎತ್ತಿದ್ದಾರೆ’ ಎಂದು ಸರ್ವರಿಗೆ ಸುದ್ದಿ ಕಳಿಸುತ್ತದೆ. ‘ಸುದ್ದಿ ಮುಟ್ಟಿತು’ ಎಂದು ಸರ್ವರ್ ಮರುಮಾತು ಹೇಳಬೇಕು. ಹೇಳದಿದ್ದರೆ ಅಡಾಪ್ಟರ್ ಅರ್ಧ ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ಆಮೇಲೆ 1 ಸೆಕೆಂಡ್, 2 ಸೆಕೆಂಡ್, 4 ಸೆಕೆಂಡ್, ಅಲ್ಲಿಂದ ಮುಂದೆ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ. ಮೂಲ ಅವಧಿಯಾದ ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಳೆದರೂ ಮರುಮಾತು ಬರದಿದ್ದರೆ ಕರೆಯೇ ಕೂಡಿಬರಲಿಲ್ಲವೆಂದು ತೀರ್ಮಾನಿಸಿ ಮುಗಿಸಿಬಿಡುತ್ತದೆ. ಅಷ್ಟು ಹೊತ್ತೂ ದನಿ ಎರಡೂ ಕಡೆ ಸಲೀಸಾಗಿ ಹರಿದಿರಬಹುದು. ಅದು ಬೇರೆ ದಾರಿಯಲ್ಲವೆ? ಮರುಮಾತು ಬಾರದಿರಲು ಕಾರಣ ಮತ್ತದೇ: ಅದನ್ನು ಎಲ್ಲಿಗೆ ಕಳಿಸಬೇಕೆಂದು ಅಡಾಪ್ಟರ್ ಬರೆದ ವಿಳಾಸ ಖಾಸಗಿಯದು, ಇಲ್ಲವೇ ಯಾರೋ ನಡುವೆ ತಪ್ಪಾಗಿ ತಿದ್ದಿದ್ದು.

ನಡುವೆ ತಿದ್ದುವವರು ಯಾರು? ಸ್ವತಃ ರೌಟರ್. ಅನೇಕ ರೌಟರ್‌ಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯವಿರುತ್ತದೆ. ಸಿಪ್ ಸಂದೇಶಗಳನ್ನು ಬಿಚ್ಚಿ, ಒಳಗಿನ ಖಾಸಗಿ ವಿಳಾಸವನ್ನು ಹೊರವಿಳಾಸಕ್ಕೆ ತಿದ್ದಿ ಕಳಿಸುವುದು ಅದರ ಕೆಲಸ. ಉದ್ದೇಶ ಒಳ್ಳೆಯದೇ. ಆದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುವ, ಉದ್ದ ಬದಲಾದ ಸಂದೇಶವನ್ನು ಕೆಡಿಸುವ ಅರೆಬರೆ ಎಎಲ್‌ಜಿಗಳೇ ಮಾರುಕಟ್ಟೆಯಲ್ಲಿ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಅದು ಇಂದು ಬೇಕಾಗಿಯೂ ಇಲ್ಲ. ಈಗಿನ ಸೇವಾ ಕಂಪನಿಗಳ ಸರ್ವರುಗಳು ಸಂದೇಶದ ಒಳಗಿನ ವಿಳಾಸವನ್ನು ನಂಬುವುದನ್ನು ಬಿಟ್ಟಿವೆ. ನಮ್ಮ ದನಿ ಯಾವ ವಿಳಾಸದ ಯಾವ ಪೋರ್ಟಿನಿಂದ ನಿಜವಾಗಿ ಬರುತ್ತಿದೆಯೋ ನೋಡಿಕೊಂಡು, ಅಲ್ಲಿಗೇ ತಮ್ಮ ದನಿಯನ್ನು ಕಳಿಸುತ್ತವೆ. ಸರ್ವರ್ ಒಂದು ರೀತಿ ಸರಿಪಡಿಸುವುದು, ರೌಟರ್ ಇನ್ನೊಂದು ರೀತಿ ಸರಿಪಡಿಸುವುದು, ಎರಡೂ ಸೇರಿ ಕೆಡುವುದು.

ಆದ್ದರಿಂದ ಮೊದಲ ಮದ್ದು: ಸಿಪ್ ಎಎಲ್‌ಜಿ ಆಫ್ ಮಾಡಿ. ರೌಟರಿನ ಪುಟದಲ್ಲಿ ಅದು ‘ಅಡ್ವಾನ್ಸ್ಡ್’, ‘ನ್ಯಾಟ್’ ಅಥವಾ ‘ಫೈರ್‌ವಾಲ್’ ಭಾಗದಲ್ಲಿ ಅಡಗಿರುತ್ತದೆ. ಕೆಲವರು ‘ಸಿಪ್ ಪಾಸ್‌ಥ್ರೂ’ ಅಥವಾ ‘ಸಿಪ್ ಹೆಲ್ಪರ್’ ಎಂದೂ ಕರೆಯುತ್ತಾರೆ. ಆಫ್ ಮಾಡಿದ ಮೇಲೆ ರೌಟರ್, ಅಡಾಪ್ಟರ್ ಎರಡನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ. ಆಫ್ ಮಾಡುವ ಆಯ್ಕೆಯೇ ಕಾಣದಿದ್ದರೆ, ಫೋನ್ ಕಂಪನಿ ಒಪ್ಪುವುದಾದರೆ, ಸಿಪ್ ಸಂದೇಶಗಳನ್ನು ಗೂಢಲಿಪಿಯಲ್ಲಿ ಕಳಿಸುವಂತೆ ಅಡಾಪ್ಟರಿನಲ್ಲಿ ಹೊಂದಿಸಬಹುದು. ಓದಲಾಗದ್ದನ್ನು ರೌಟರ್ ತಿದ್ದಲಾರದು.

ಸರ್ವರ್ ಅಷ್ಟು ಜಾಣವಲ್ಲದಿದ್ದರೆ ಅಡಾಪ್ಟರಿನಲ್ಲೇ ಇರುವ ‘ಸ್ಟನ್’ ನೆರವಿಗೆ ಬರುತ್ತದೆ. ಅಡಾಪ್ಟರ್ ಹೊರಗಿನ ಒಂದು ಸರ್ವರನ್ನು ‘ನಾನು ನಿನಗೆ ಯಾವ ವಿಳಾಸದಲ್ಲಿ ಕಾಣುತ್ತಿದ್ದೇನೆ?’ ಎಂದು ಕೇಳಿ, ಬಂದ ಉತ್ತರವನ್ನೇ ತನ್ನ ಸಂದೇಶದಲ್ಲಿ ಬರೆಯುವ ಉಪಾಯ ಇದು. ಕಂಪನಿ ಹೇಳಿದರೆ ಮಾತ್ರ ಇದನ್ನು ಆನ್ ಮಾಡಿ.

ಮರೆತುಹೋದ ಫೋನು

ಮೂರನೆಯದು, ಹೊರಗಿನ ಕರೆ ಬಾರದ ಕಾಯಿಲೆ. ಅಡಾಪ್ಟರ್ ಆನ್ ಆದೊಡನೆ ಕಂಪನಿಯ ಸರ್ವರಿನಲ್ಲಿ ತನ್ನ ಹೆಸರು ನೋಂದಾಯಿಸುತ್ತದೆ. ಆಗ ರೌಟರಿನಲ್ಲಿ ಒಂದು ನಮೂದು ಬೀಳುತ್ತದೆ. ಸರ್ವರ್ ಕಳಿಸುವ ಕರೆ ಆ ನಮೂದಿನ ಆಧಾರದ ಮೇಲೆ ಒಳಗೆ ಬರುತ್ತದೆ. ಆದರೆ ನೋಂದಣಿಯ ಅವಧಿ ಸಾಮಾನ್ಯವಾಗಿ 3600 ಸೆಕೆಂಡ್, ಅಂದರೆ ಒಂದು ಗಂಟೆ. ರೌಟರಿನ ನೆನಪು ಅಷ್ಟಿಲ್ಲ. ಬಹಳಷ್ಟು ರೌಟರ್‌ಗಳ ಒಳಗಿರುವುದು ಲಿನಕ್ಸ್. ಅದರಲ್ಲಿ ಉತ್ತರ ಬಾರದ ಇಂಥ ಪ್ಯಾಕೆಟ್ಟಿನ ನಮೂದು 30 ಸೆಕೆಂಡಿಗೆ ಅಳಿಯುತ್ತದೆ, ಎರಡೂ ಕಡೆ ಮಾತುಕತೆ ನಡೆದದ್ದು ಎರಡು ಮೂರು ನಿಮಿಷ ಉಳಿಯುತ್ತದೆ. ಆಮೇಲಿನ ಉಳಿದ ಗಂಟೆಯೆಲ್ಲ ಫೋನು ಹೊರಜಗತ್ತಿಗೆ ಇಲ್ಲವಾಗಿರುತ್ತದೆ. ನಾವೇ ಡಯಲ್ ಮಾಡಿದರೆ ಹೊಸ ನಮೂದು ಬಿದ್ದು ಕರೆ ಹೋಗುತ್ತದೆ. ಹಾಗಾಗಿ ಫೋನು ಕೆಟ್ಟಿದೆಯೆಂದು ಮನೆಯವರಿಗೆ ಅನುಮಾನವೇ ಬರುವುದಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋದಂತೆ ಕಾಣುವುದೂ ಅಡಾಪ್ಟರ್ ಮತ್ತೆ ನೋಂದಾಯಿಸಿಕೊಂಡು ಹೊಸ ನಮೂದು ಬೀಳುವುದರಿಂದಲೇ.

ಮದ್ದು ಅಡಾಪ್ಟರಿನ ಪುಟದಲ್ಲಿದೆ. ‘ನ್ಯಾಟ್ ಕೀಪ್ ಅಲೈವ್’ ಎಂಬುದನ್ನು ಆನ್ ಮಾಡಿ, ಅವಧಿಯನ್ನು 20 ಸೆಕೆಂಡಿಗೆ ಇಡಿ. ಆಗ ಅಡಾಪ್ಟರ್ ಆಗಾಗ ಒಂದು ಪುಟಾಣಿ ಪ್ಯಾಕೆಟ್ ಕಳಿಸಿ ನಮೂದು ಅಳಿಯದಂತೆ ನೋಡಿಕೊಳ್ಳುತ್ತದೆ. ಕಂಪನಿ ಅನುಮತಿಸಿದರೆ ನೋಂದಣಿಯ ಅವಧಿಯನ್ನೂ ಕಡಿಮೆ ಮಾಡಬಹುದು.

ಪರದೆಯೇ ಇಲ್ಲದ ಡಬ್ಬಿಯ ಪುಟಕ್ಕೆ ಹೋಗುವುದು ಹೇಗೆ? ಫೋನನ್ನೇ ಕೇಳಬೇಕು. ಗ್ರ್ಯಾಂಡ್‌ಸ್ಟ್ರೀಮ್ ಅಡಾಪ್ಟರ್ ಆದರೆ ರಿಸೀವರ್ ಎತ್ತಿ ಮೂರು ಸಲ ಸ್ಟಾರ್ ಒತ್ತಿ, ಆಮೇಲೆ 02 ಒತ್ತಿದರೆ ತನ್ನ ಐಪಿ ವಿಳಾಸವನ್ನು ಅಂಕಿ ಅಂಕಿಯಾಗಿ ಓದಿ ಹೇಳುತ್ತದೆ. ಹಳೆಯ ಲಿಂಕ್‌ಸಿಸ್ ಅಡಾಪ್ಟರಿನಲ್ಲಿ ನಾಲ್ಕು ಸ್ಟಾರ್, ನಂತರ 110 ಮತ್ತು ಹ್ಯಾಶ್. ಆ ವಿಳಾಸವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಟೈಪ್ ಮಾಡಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ಅಲ್ಲಿಗೆ ಹೋದಾಗ ಮೊದಲು ಮಾಡಬೇಕಾದದ್ದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸುವುದು. ಕದ್ದ ಖಾತೆಯಿಂದ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡುವುದು ಈ ಕ್ಷೇತ್ರದ ಹಳೆಯ ಮೋಸ.

ರೌಟರ್ ಪುಟದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ. ‘ವ್ಯಾನ್’ ವಿಳಾಸವೆಂದು ಅಲ್ಲಿ 192.168 ಅಥವಾ 10ರಿಂದ ಶುರುವಾಗುವ ಸಂಖ್ಯೆ ಇದ್ದರೆ, ನಿಮ್ಮ ರೌಟರಿನ ಹೊರಗೆ ಇನ್ನೊಂದು ರೌಟರ್ ಇದೆ ಎಂದರ್ಥ. ಸಾಮಾನ್ಯವಾಗಿ ಅದು ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್. ಒಂದರ ಮೇಲೊಂದು ಎರಡು ನ್ಯಾಟ್ ಬೇಡ. ಮೋಡೆಮ್ಮನ್ನು ಬ್ರಿಜ್ ಮೋಡಿಗೆ ಹಾಕಿಸಿ, ಇಲ್ಲವೇ ನಿಮ್ಮ ರೌಟರನ್ನು ಬರೀ ಆಕ್ಸೆಸ್ ಪಾಯಿಂಟ್ ಆಗಿ ಬಳಸಿ. ಸಂಖ್ಯೆ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ನ್ಯಾಟ್ ಮಾಡುತ್ತಿರುವುದು ಇಂಟರ್ನೆಟ್ ಕಂಪನಿಯೇ. ಆಗ ನಿಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನಿಂದ ಒಂದೂ ತೆರೆಯುವುದಿಲ್ಲ. ಕೀಪ್ ಅಲೈವ್ ಒಂದೇ ಗತಿ.

ಪೋರ್ಟ್ ತೆರೆಯುವ ಚಟ

‘5060 ಪೋರ್ಟ್ ಫಾರ್ವರ್ಡ್ ಮಾಡಿ, ಆಗಲಿಲ್ಲವೆಂದರೆ ಅಡಾಪ್ಟರನ್ನು ಡಿಎಂಜಡ್‌ಗೆ ಹಾಕಿ’ ಎಂಬುದು, ಅಂದರೆ ಹೊರಗಿನಿಂದ ಬಂದದ್ದನ್ನು ನೇರವಾಗಿ ಅಡಾಪ್ಟರಿಗೇ ಬಿಡಿ ಎಂಬುದು, ಇಪ್ಪತ್ತು ವರ್ಷಗಳಿಂದ ಬಾಯಿಂದ ಬಾಯಿಗೆ ಸಾಗಿಬಂದಿರುವ ಸಲಹೆ. ಸರ್ವರುಗಳು ಮೇಲೆ ಹೇಳಿದ ಜಾಣತನ ಕಲಿಯುವ ಮೊದಲು ಅದಕ್ಕೆ ಅರ್ಥವಿತ್ತು. ಇಂದು ಅದರ ಮುಖ್ಯ ಫಲ, ನಡುರಾತ್ರಿಯ ಭೂತದ ಕರೆಗಳು. ತೆರೆದ 5060 ಪೋರ್ಟುಗಳನ್ನು ಹುಡುಕುತ್ತ ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಅಲೆಯುವ ಪ್ರೋಗ್ರಾಮ್‌ಗಳಿವೆ. ಅವು ಸಿಕ್ಕ ಅಡಾಪ್ಟರಿಗೆ ಒಂದು ಕರೆಯ ಸಂದೇಶ ಎಸೆದು ನೋಡುತ್ತವೆ. ಫೋನು ರಿಂಗಾಗುತ್ತದೆ, ಕಾಲರ್ ಐಡಿಯಲ್ಲಿ 100 ಅಥವಾ 1001ರಂಥ ಸಂಖ್ಯೆ, ಎತ್ತಿದರೆ ಆ ಕಡೆ ಯಾರೂ ಇಲ್ಲ. ಫಾರ್ವರ್ಡ್ ಮಾಡಿದ್ದನ್ನು ಅಳಿಸಿ, ನೋಂದಣಿಯಾದ ಸರ್ವರಿನಿಂದ ಬಂದ ಕರೆಯನ್ನು ಮಾತ್ರ ಒಪ್ಪುವಂತೆ ಅಡಾಪ್ಟರಿನಲ್ಲಿ ಹೊಂದಿಸಿದರೆ ಭೂತ ಬಿಡುತ್ತದೆ.

ತುಂಡಾಗುವ ಮಾತು

ನಾಲ್ಕನೇ ಕಾಯಿಲೆಯ ಬೇರು ಬೇರೆ. ಮಾತು ಒಂದು ಬಾಯಿಂದ ಹೊರಟು ಇನ್ನೊಂದು ಕಿವಿ ಸೇರಲು 150 ಮಿಲಿಸೆಕೆಂಡ್ ಮೀರದಿದ್ದರೆ ಹೆಚ್ಚಿನ ಸಂಭಾಷಣೆಗಳಿಗೆ ತೊಂದರೆಯಿಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ತಡ ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತಾಡುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಶುರು.

ತಡ ಹುಟ್ಟುವುದು ಹೆಚ್ಚಾಗಿ ಅಪ್‌ಲೋಡ್ ದಿಕ್ಕಿನಲ್ಲಿ. ಮೋಡೆಮ್ಮಿನೊಳಗೆ, ಹೊರಹೋಗುವ ಪ್ಯಾಕೆಟ್‌ಗಳು ಕಾಯುವ ಬಫರ್ 256 ಕಿಲೋಬೈಟ್ ಇದ್ದು, ಅಪ್‌ಲೋಡ್ ವೇಗ 2 ಎಂಬಿಪಿಎಸ್ ಎಂದುಕೊಳ್ಳಿ. ಯಾರೋ ಫೋಟೊಗಳನ್ನು ಕ್ಲೌಡಿಗೆ ಏರಿಸತೊಡಗಿದರೆ ಬಫರ್ ತುಂಬುತ್ತದೆ. ತುಂಬಿದ ಬಫರ್ ಖಾಲಿಯಾಗಲು ಒಂದು ಸೆಕೆಂಡಿಗೂ ಹೆಚ್ಚು ಬೇಕು. ನಮ್ಮ 200 ಬೈಟಿನ ದನಿಯ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಒಂದು ಸೆಕೆಂಡ್ ತಡವಾಗಿ ಬಂದ ದನಿಯನ್ನು ಆ ಕಡೆಯವರು ಬಿಸಾಡದೆ ಗತ್ಯಂತರವಿಲ್ಲ. ಅತಿ ಬಫರಿನ ಈ ಸಮಸ್ಯೆಯತ್ತ 2010ರ ಸುಮಾರಿಗೆ ಎಲ್ಲರ ಗಮನ ಸೆಳೆದವರು ಜಿಮ್ ಗೆಟ್ಟಿಸ್. ಅದಕ್ಕೆ 2012ರಲ್ಲಿ ಕ್ಯಾಥಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ‘ಕೋಡೆಲ್’ ಎಂಬ ಪರಿಹಾರ ಕೊಟ್ಟರು: ಸಾಲು ಎಷ್ಟು ಉದ್ದವಿದೆ ಎಂದು ನೋಡುವ ಬದಲು, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾಯುತ್ತಿದೆ ಎಂದು ನೋಡಿ ಸಾಲನ್ನು ಹದದಲ್ಲಿಡುವುದು.

ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಯಾವುದಾದರೂ ಸರ್ವರಿಗೆ ಪಿಂಗ್ ಕೊಟ್ಟು ಬಿಡಿ. ಒಂದು ದೊಡ್ಡ ಫೈಲನ್ನು ಅಪ್‌ಲೋಡ್ ಮಾಡಿ. ಪಿಂಗ್ 30 ಮಿಲಿಸೆಕೆಂಡಿನಿಂದ ಹಲವು ನೂರಕ್ಕೆ ಜಿಗಿದರೆ ರೋಗ ಇದೇ. ರೌಟರಿನ ‘ಕ್ಯೂಒಎಸ್’ ಅಥವಾ ‘ಎಸ್‌ಕ್ಯೂಎಂ’ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ 85–90ಕ್ಕೆ ಇಡಿ. ಆಗ ಸಾಲು ನಿಮ್ಮ ಹಿಡಿತದಲ್ಲಿಲ್ಲದ ಮೋಡೆಮ್ಮಿನಲ್ಲಿ ಬೆಳೆಯದೆ, ರೌಟರಿನ ಕಣ್ಣೆದುರು ಉಳಿಯುತ್ತದೆ. ಅಡಾಪ್ಟರಿಗೆ ಮೊದಲ ಆದ್ಯತೆ ಕೊಡಲು ಅದರ ವಿಳಾಸ ಬದಲಾಗಬಾರದು. ಡಬ್ಬಿಯ ತಳದ ಚೀಟಿಯಲ್ಲಿರುವ ಮ್ಯಾಕ್ ಸಂಖ್ಯೆಯನ್ನು ರೌಟರಿನಲ್ಲಿ ನಮೂದಿಸಿ ಒಂದು ವಿಳಾಸವನ್ನು ಕಾಯ್ದಿರಿಸಿ. ಹತ್ತಾರು ಎಂಬಿಪಿಎಸ್ ಅಪ್‌ಲೋಡ್ ಇರುವ ಫೈಬರ್ ಮನೆಗಳಲ್ಲಿ ಇದೆಲ್ಲದರ ಅಗತ್ಯ ಬೀಳುವುದು ಅಪರೂಪ.

ಸೆಟ್ಟಿಂಗಿನಾಚೆಯ ಎರಡು ಮಾತು

ಹಳೆಯ ಲ್ಯಾಂಡ್‌ಲೈನ್‌ಗೆ ಕರೆಂಟ್ ಬರುತ್ತಿದ್ದುದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ. ಊರಿಗೆ ಊರೇ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಅಡಾಪ್ಟರ್ ಹಾಗಲ್ಲ. ಮೋಡೆಮ್, ರೌಟರ್, ಅಡಾಪ್ಟರ್ ಮೂರಕ್ಕೂ ಬ್ಯಾಟರಿ ಬೆಂಬಲವಿದ್ದರೆ ಮಾತ್ರ ಕರೆಂಟ್ ಹೋದಾಗ ಫೋನು ಉಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ರೌಟರ್ ಮಿನಿ ಯುಪಿಎಸ್ ಸಾಕು; ವೋಲ್ಟೇಜ್ ಹೊಂದುತ್ತದೆಯೇ ನೋಡಿಕೊಂಡು ಕೊಳ್ಳಿ.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಮಾತು. ಸಾಮಾನ್ಯ ಫೋನ್ ಜಾಲಕ್ಕೆ ಜೋಡಿಸಿಕೊಂಡ ಇಂಟರ್ನೆಟ್ ಫೋನ್ ಕಂಪನಿಗಳು 911 ತುರ್ತು ಸೇವೆ ಕೊಡಲೇಬೇಕೆಂದು ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2005ರಲ್ಲಿ ಆದೇಶಿಸಿತು. ಆದರೆ ಆಂಬುಲೆನ್ಸ್ ಹೋಗುವುದು ನೀವು ಖಾತೆಯಲ್ಲಿ ಬರೆಸಿದ ವಿಳಾಸಕ್ಕೆ. ಮನೆ ಬದಲಿಸುವಾಗ ಅಡಾಪ್ಟರನ್ನು ಜೊತೆಗೊಯ್ದು ಹೊಸ ಮನೆಯ ರೌಟರಿಗೆ ಸಿಕ್ಕಿಸಿದರೆ ಫೋನು ಮೊದಲಿನಂತೆಯೇ ಕೆಲಸ ಮಾಡುತ್ತದೆ. ವಿಳಾಸ ತಾನಾಗಿ ಬದಲಾಗುವುದಿಲ್ಲ. ಊರಿನಿಂದ ಬಂದ ಅಪ್ಪ–ಅಮ್ಮ ಹಗಲೆಲ್ಲ ಇಬ್ಬರೇ ಇರುವ ಮನೆಯಲ್ಲಿ ಇದನ್ನು ಮೊದಲು ಸರಿಪಡಿಸಿ.

ಕೊನೆಯದಾಗಿ, ಏನನ್ನೇ ಬದಲಿಸುವ ಮೊದಲು ರೌಟರ್ ಮತ್ತು ಅಡಾಪ್ಟರ್‌ಗಳ ಈಗಿನ ಸೆಟ್ಟಿಂಗನ್ನು ಬ್ಯಾಕಪ್ ಮಾಡಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಬದಲಾವಣೆಯ ನಂತರ ಒಳಗಿನಿಂದ ಒಂದು, ಹೊರಗಿನಿಂದ ಒಂದು ಕರೆ ಮಾಡಿ, ಎರಡರಲ್ಲೂ ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡಿ. ಹತ್ತು ನಿಮಿಷ ಫೋನನ್ನು ಮುಟ್ಟದೆ ಬಿಟ್ಟು, ಹೊರಗಿನಿಂದ ಮತ್ತೊಮ್ಮೆ ಕರೆ ಮಾಡಿಸಿ. ಎಎಲ್‌ಜಿ ಆಫ್, ಕೀಪ್ ಅಲೈವ್ ಆನ್, ಎರಡು ನ್ಯಾಟ್ ಇದ್ದರೆ ಒಂದಕ್ಕಿಳಿಸುವುದು: ಬಹುತೇಕ ಮನೆಗಳಿಗೆ ಈ ಮೂರೇ ಸಾಕು, ಒಂದು ಪೋರ್ಟನ್ನೂ ತೆರೆಯಬೇಕಾಗುವುದಿಲ್ಲ.